‘ಇಂಜುರಿ’ ಎಂಬ ಪದದ ಹಿಂದಿರುವ ಚರಿತ್ರೆ

ಅಪಘಾತದಲ್ಲೋ ಹೊಡೆದಾಟದಲ್ಲೋ ಪೆಟ್ಟಾದವರನ್ನು ಸರಕಾರಿ ಆಸ್ಪತ್ರೆಗೆ ಕರೆದೊಯ್ದರೆ ಅಲ್ಲಿನ ವೈದ್ಯರು ಪೊಲೀಸರಿಗಾಗಿ ಒಂದು ‘ವೂಂಡ್ ಸರ್ಟಿಫಿಕೇಟ್’ ಬರೆದುಕೊಡುತ್ತಾರೆ. ಗಾಯದ ಸ್ವರೂಪ ‘ಸಿಂಪಲ್’ ಅಥವಾ ‘ಗ್ರೀವಿಯಸ್’ ಎಂದು ಅದರಲ್ಲಿ ನಮೂದಾಗಿರುತ್ತದೆ. ಮುಂದೆ ದೋಷಾರೋಪಣ ಪಟ್ಟಿಯಲ್ಲಿ ‘ಹರ್ಟ್’ ಎಂಬ ಪದ ಬರುತ್ತದೆ. ವಕೀಲರು ವಾದಿಸುವಾಗ ‘ಇಂಜುರಿ’ ಎನ್ನುತ್ತಾರೆ. ಹೀಗೆ ಒಂದೇ ಕೇಸಿನ ಕಡತದಲ್ಲಿ ಮೂರು ಇಂಗ್ಲಿಷ್ ಪದಗಳು. ನಮ್ಮ ವಿದ್ಯಾರ್ಥಿಗಳನ್ನು ಕೇಳಿದರೆ ಮೂರಕ್ಕೂ ‘ಗಾಯ’ ಎಂದೇ ಅರ್ಥ ಹೇಳುತ್ತಾರೆ, ಪರೀಕ್ಷೆಯಲ್ಲಿ ಅಂಕವೂ ಸಿಗುತ್ತದೆ. ಆದರೆ ಈ ಮೂರೂ ಬೇರೆ ಬೇರೆ ಮನೆತನದ ಪದಗಳು. ‘ವೂಂಡ್’ ಹಳೆಯ ಇಂಗ್ಲಿಷಿನದ್ದು. ‘ಹರ್ಟ್’ ಹಳೆಯ ಫ್ರೆಂಚ್‌ನಿಂದ ಬಂದದ್ದು, ಡಿಕ್ಕಿ ಹೊಡೆಯುವುದು ಎಂಬುದು ಅದರ ಮೂಲಾರ್ಥ. ‘ಇಂಜುರಿ’ಯ ಮೂಲದಲ್ಲಾದರೋ ರಕ್ತವೂ ಇಲ್ಲ, ಗಾಯವೂ ಇಲ್ಲ.

ಲ್ಯಾಟಿನ್ ಭಾಷೆಯಲ್ಲಿ ‘ಯೂಸ್’ ಎಂದರೆ ಕಾನೂನು, ಹಕ್ಕು, ನ್ಯಾಯ. ಜಸ್ಟಿಸ್, ಜೂರಿ, ಜ್ಯೂರಿಸ್ಟ್ ಮುಂತಾದ ಪದಗಳೆಲ್ಲ ಈ ಬೇರಿನಿಂದ ಚಿಗುರಿದವು. ಇದಕ್ಕೆ ‘ಅಲ್ಲ’ ಎಂಬರ್ಥದ ‘ಇನ್’ ಎಂಬ ಪೂರ್ವಪ್ರತ್ಯಯ ಸೇರಿ ‘ಇನ್ಯೂರಿಯಾ’ ಆಯಿತು. ಅಂದರೆ ನ್ಯಾಯವಲ್ಲದ್ದು, ಹಕ್ಕಿಗೆ ವಿರುದ್ಧವಾದದ್ದು. ಕನ್ನಡದ ‘ಅನ್ಯಾಯ’ ಎಂಬ ಪದ ಹೇಗೆ ರೂಪುಗೊಂಡಿದೆಯೋ ಹಾಗೆಯೇ ಇದೂ ರೂಪುಗೊಂಡಿದೆ. ಇದು ಫ್ರೆಂಚ್ ದಾರಿಯಲ್ಲಿ ಸಾಗಿ 14ನೇ ಶತಮಾನದ ಕೊನೆಯ ಹೊತ್ತಿಗೆ ಇಂಗ್ಲಿಷಿಗೆ ಬಂದಾಗಲೂ ‘ಅನ್ಯಾಯ, ಅದರಿಂದಾದ ಹಾನಿ’ ಎಂಬ ಅರ್ಥವನ್ನೇ ಹೊತ್ತು ಬಂತು. ಮೈಮೇಲಿನ ಪೆಟ್ಟು ಎಂಬ ಅರ್ಥ ಮುಂದಾಗಿ ಅನ್ಯಾಯ ಎಂಬ ಅರ್ಥ ಹಿಂದೆ ಸರಿದದ್ದು ಆಮೇಲಿನ ಬೆಳವಣಿಗೆ.

ಇಲ್ಲಿ ಒಂದು ಮಾತು ಹೇಳಿಬಿಡುವುದು ಒಳ್ಳೆಯದು. ಅರಬಿ ಬಲ್ಲವರಿಗೆ ‘ಇಂಜುರಿ’ ಎಂಬ ಪದ ಕೇಳಿದ ಕೂಡಲೇ ಗಾಯ ಎಂಬರ್ಥದ ‘ಜುರ್‌ಹ್’ ನೆನಪಾಗುವುದು ಸಹಜ. ಧ್ವನಿಯೂ ಹೋಲುತ್ತದೆ, ಅರ್ಥವೂ ಹೋಲುತ್ತದೆ. ಆದರೆ ಎರಡಕ್ಕೂ ಯಾವ ಸಂಬಂಧವೂ ಇಲ್ಲ. ರೋಮನರ ಬಾಯಲ್ಲಿ ಆ ಪದದಲ್ಲಿ ‘ಜ’ಕಾರವೇ ಇರಲಿಲ್ಲ, ‘ಯ’ಕಾರವಿತ್ತು. ‘ಜ’ ಬಂದದ್ದು ಶತಮಾನಗಳ ನಂತರ. ಗಾಯ ಎಂಬ ಅರ್ಥವೂ ಆಗ ಅದಕ್ಕೆ ಇರಲಿಲ್ಲ. ಅಂದರೆ ಹಿಂದಕ್ಕೆ ಹೋದಂತೆಲ್ಲ ಹೋಲಿಕೆ ಕರಗುತ್ತಾ ಹೋಗುತ್ತದೆ. ನಿಜವಾದ ನೆಂಟಸ್ತಿಕೆಯಾದರೆ ಹಿಂದಕ್ಕೆ ಹೋದಂತೆ ಹೋಲಿಕೆ ಹೆಚ್ಚಬೇಕು. ಯುರೋಪಿನ ಭಾಷೆಗಳಿಗೆ ಅರಬಿ ಕೊಟ್ಟ ಪದಗಳು ಸಾಕಷ್ಟಿವೆ. ಟ್ಯಾರಿಫ್, ಅಡ್ಮಿರಲ್, ಆರ್ಸೆನಲ್, ಅಷ್ಟೇಕೆ, ನೀವು ಕೈಯಲ್ಲಿ ಹಿಡಿದಿರುವ ‘ಮ್ಯಾಗಝಿನ್’ ಕೂಡಾ ಉಗ್ರಾಣ ಎಂಬರ್ಥದ ‘ಮಖ್‌ಝನ್’ನಿಂದ ಬಂದದ್ದು. ಇಷ್ಟೆಲ್ಲ ಸ್ವಂತ ಸಂಪತ್ತು ಇರುವಾಗ ನಮ್ಮದಲ್ಲದ್ದನ್ನು ನಮ್ಮದೆಂದು ಹೇಳಿಕೊಳ್ಳುವ ಅಗತ್ಯವಿಲ್ಲ.

ಇನ್ನು ರೋಮ್‌ಗೆ ಹೋಗೋಣ. ಕ್ರಿ.ಪೂ. 451-450ರಲ್ಲಿ ರೋಮನರು ತಮ್ಮ ಕಾನೂನುಗಳನ್ನು ಹನ್ನೆರಡು ಫಲಕಗಳಲ್ಲಿ ಬರೆಸಿ ಸಾರ್ವಜನಿಕರ ಮುಂದಿಟ್ಟರು. ಅದರಲ್ಲಿ ಮೂರು ಹಂತಗಳಿದ್ದವು. ಒಬ್ಬನ ಅಂಗವನ್ನೇ ಊನಗೊಳಿಸಿದರೆ, ರಾಜಿಯಾಗದಿದ್ದಲ್ಲಿ, ಅಷ್ಟೇ ಪ್ರತೀಕಾರ. ಮೂಳೆ ಮುರಿದರೆ ದಂಡ, ಸ್ವತಂತ್ರನ ಮೂಳೆಗೆ 300 ‘ಆಸ್’ ನಾಣ್ಯ, ಗುಲಾಮನ ಮೂಳೆಗೆ 150. ಇವೆರಡಕ್ಕೂ ಸೇರದ ಸಣ್ಣಪುಟ್ಟ ಹಲ್ಲೆ, ಕಪಾಳಮೋಕ್ಷ ಇತ್ಯಾದಿಗಳಿಗೆ ‘ಇನ್ಯೂರಿಯಾ’ ಎಂದು ಹೆಸರು, ಅದಕ್ಕೆ ದಂಡ 25 ಆಸ್. ಗಮನಿಸಿ, ಮೂಳೆ ಮುರಿಯುವುದು ಇನ್ಯೂರಿಯಾ ಆಗಿರಲಿಲ್ಲ. ಕೆನ್ನೆಗೆ ಹೊಡೆಯುವುದು ಇನ್ಯೂರಿಯಾ ಆಗಿತ್ತು. ದೇಹಕ್ಕೆ ನೋವು ಕಡಿಮೆ, ಮಾನಕ್ಕೆ ಪೆಟ್ಟು ಹೆಚ್ಚು.

ಕಾಲ ಕಳೆದಂತೆ ನಾಣ್ಯದ ಬೆಲೆ ಕುಸಿಯಿತು. 25 ಆಸ್ ಎಂದರೆ ಶ್ರೀಮಂತರಿಗೆ ಲೆಕ್ಕಕ್ಕಿಲ್ಲದ ಮೊತ್ತವಾಯಿತು. ಆಗ ನಡೆದ ಒಂದು ಪ್ರಸಂಗವನ್ನು ಕ್ರಿ.ಶ. 2ನೇ ಶತಮಾನದ ಲೇಖಕ ಆಲಸ್ ಗೆಲಿಯಸ್ ದಾಖಲಿಸಿದ್ದಾನೆ. ಲೂಸಿಯಸ್ ವೆರಾಟಿಯಸ್ ಎಂಬ ಧನಿಕನಿಗೆ ದಾರಿಯಲ್ಲಿ ಸಿಕ್ಕಿದ ಸ್ವತಂತ್ರ ನಾಗರಿಕರ ಕೆನ್ನೆಗೆ ಹೊಡೆಯುವುದೇ ಒಂದು ಮೋಜು. ಅವನ ಹಿಂದೆ ನಾಣ್ಯದ ಚೀಲ ಹಿಡಿದುಕೊಂಡು ಒಬ್ಬ ಗುಲಾಮ ನಡೆಯುತ್ತಿದ್ದ. ಯಜಮಾನ ಹೊಡೆದ ಕೂಡಲೇ ಗುಲಾಮ ಕಾನೂನಿನ ಪ್ರಕಾರ 25 ಆಸ್ ಎಣಿಸಿ ಪೆಟ್ಟು ತಿಂದವನ ಕೈಗೆ ಕೊಡಬೇಕು. ಅಲ್ಲಿಗೆ ಲೆಕ್ಕ ಚುಕ್ತಾ! ಕಾನೂನು ಉಲ್ಲಂಘನೆ ಎಲ್ಲಿದೆ? ದಂಡ ಕಟ್ಟಿಯಾಯಿತಲ್ಲ. ಈ ಬಗೆಯ ಅಣಕ ಕಂಡ ಮೇಲೆ ನಿಗದಿತ ದಂಡದ ಪದ್ಧತಿಯನ್ನು ಕೈಬಿಟ್ಟು, ಪ್ರತಿಯೊಂದು ಪ್ರಕರಣದಲ್ಲೂ ಅವಮಾನದ ತೂಕ ನೋಡಿ ಪರಿಹಾರ ನಿರ್ಧರಿಸುವ ಕ್ರಮವನ್ನು ರೋಮಿನ ನ್ಯಾಯಾಧಿಕಾರಿಗಳು ಜಾರಿಗೆ ತಂದರು. ಹಣವುಳ್ಳವನಿಗೆ ದಂಡವೆಂಬುದು ಟೋಲ್ ಶುಲ್ಕದಂತೆ ಆಗಿಬಿಡುವ ಸಮಸ್ಯೆ ಇಂದಿನ ದೊಡ್ಡ ಕಂಪೆನಿಗಳ ವಿಷಯದಲ್ಲೂ ಕೇಳಿಬರುತ್ತದೆ, ವೆರಾಟಿಯಸ್ ಅದರ ಮೂಲಪುರುಷ ಎನ್ನಬಹುದು.

ಇದರ ಪಕ್ಕದಲ್ಲಿಯೇ ಇಟ್ಟು ನೋಡಬೇಕಾದ ಇನ್ನೊಂದು ಕಪಾಳಮೋಕ್ಷ ನಮ್ಮ ಚರಿತ್ರೆಯಲ್ಲಿದೆ. ಗಸ್ಸಾನ್ ವಂಶದ ಕೊನೆಯ ದೊರೆ ಜಬಲಾ ಬಿನ್ ಐಹಮ್‌ನ ಕತೆಯನ್ನು ಬಲಾಝುರಿ ಮುಂತಾದ ಇತಿಹಾಸಕಾರರು ಹೇಳಿದ್ದಾರೆ. ವಿವರಗಳಲ್ಲಿ ಭಿನ್ನತೆಯಿದೆ. ಪ್ರಸಿದ್ಧವಾದ ರೂಪ ಹೀಗಿದೆ: ಇಸ್ಲಾಮ್ ಸ್ವೀಕರಿಸಿದ್ದ ಜಬಲಾ ಕಅಬಾದ ಪ್ರದಕ್ಷಿಣೆ ಮಾಡುತ್ತಿದ್ದಾಗ ಒಬ್ಬ ಸಾಮಾನ್ಯ ಅರಬನ ಕಾಲು ಅವನ ವಸ್ತ್ರದ ಮೇಲೆ ಬಿತ್ತು. ಸಿಟ್ಟಾದ ದೊರೆ ಅವನ ಮುಖಕ್ಕೆ ಹೊಡೆದ. ದೂರು ಖಲೀಫಾ ಉಮರ್(ರ)ರ ಮುಂದೆ ಬಂತು. ಒಂದೋ ಪೆಟ್ಟು ತಿಂದವನನ್ನು ಒಪ್ಪಿಸಿ ಕ್ಷಮೆ ಪಡೆಯಬೇಕು, ಇಲ್ಲವೇ ಅವನಿಂದ ಅಷ್ಟೇ ಪೆಟ್ಟು ತಿನ್ನಬೇಕು ಎಂದು ಖಲೀಫಾ ತೀರ್ಪಿತ್ತರು. ತಾನು ದೊರೆ, ಅವನು ಜನಸಾಮಾನ್ಯ, ಇಬ್ಬರೂ ಸಮಾನರಾಗುವುದು ಹೇಗೆಂದು ಜಬಲಾ ಕೇಳಿದ. ಇಸ್ಲಾಮ್ ನಿಮ್ಮಿಬ್ಬರನ್ನೂ ಸಮಾನಗೊಳಿಸಿದೆ ಎಂಬ ಉತ್ತರ ಬಂತು. ಆ ರಾತ್ರಿಯೇ ಜಬಲಾ ಬೈಝಾಂಟೈನ್ ಸಾಮ್ರಾಜ್ಯಕ್ಕೆ ಓಡಿಹೋದನಂತೆ. ಒಬ್ಬ ದೊರೆಯ ಬೆಂಬಲ ಕಳೆದುಕೊಳ್ಳುವುದು ಆ ಕಾಲದ ರಾಜಕೀಯದಲ್ಲಿ ಸಣ್ಣ ನಷ್ಟವಲ್ಲ. ಕತೆಯ ಯಾವ ರೂಪ ಹೆಚ್ಚು ನಿಖರ ಎಂಬ ಚರ್ಚೆ ವಿದ್ವಾಂಸರಿಗೆ ಇರಲಿ. ಕೆನ್ನೆಯ ಪೆಟ್ಟಿನ ಬೆಲೆಯನ್ನು ಹೊಡೆದವನ ಜೇಬು ನೋಡಿ ನಿರ್ಧರಿಸಬಾರದು, ಅದನ್ನು ಕ್ಷಮಿಸುವ ಅಧಿಕಾರ ಹೊಡೆಸಿಕೊಂಡವನದ್ದು ಎಂಬುದನ್ನು ಮುಸ್ಲಿಮರು ಶತಮಾನಗಳಿಂದ ಈ ಕತೆಯ ಮೂಲಕ ತಮ್ಮ ಮಕ್ಕಳಿಗೆ ಹೇಳುತ್ತಾ ಬಂದಿದ್ದಾರೆ.

ರೋಮನ್ ಕಾನೂನು ಪಂಡಿತರ ಕೈಯಲ್ಲಿ ಇನ್ಯೂರಿಯಾದ ವ್ಯಾಪ್ತಿ ಹಿಗ್ಗುತ್ತಾ ಹೋಯಿತು. ಇಂದಿನ ಲೆಬನಾನ್‌ನ ತೈರ್ ಪಟ್ಟಣದವನಾದ ಉಲ್ಪಿಯನ್ ಎಂಬ ಪ್ರಖ್ಯಾತ ನ್ಯಾಯಶಾಸ್ತ್ರಜ್ಞ ಕೊಟ್ಟಿರುವ ಉದಾಹರಣೆಗಳನ್ನು ನೋಡಿ: ಒಬ್ಬನನ್ನು ಸಮುದ್ರದಲ್ಲಿ ಮೀನು ಹಿಡಿಯದಂತೆ ತಡೆಯುವುದು, ಸಾರ್ವಜನಿಕ ಸ್ನಾನಗೃಹಕ್ಕೆ ಹೋಗದಂತೆ ತಡೆಯುವುದು, ಸಾರ್ವಜನಿಕ ರಂಗಮಂದಿರದಲ್ಲಿ ಕುಳಿತುಕೊಳ್ಳಲು ಬಿಡದಿರುವುದು. ಇವೆಲ್ಲವೂ ಇನ್ಯೂರಿಯಾ. ಮೈ ಮುಟ್ಟಿಯೇ ಇಲ್ಲ, ಆದರೂ ದಾವೆ ಹೂಡಬಹುದು. ಸಮುದ್ರ ಎಲ್ಲರದ್ದು, ಕೆರೆ ಬಾವಿ ಎಲ್ಲರದ್ದು ಎಂದು ಹೋರಾಡಿದ ನಮ್ಮ ದೇಶದವರಿಗೆ ಈ ಉದಾಹರಣೆಗಳನ್ನು ವಿವರಿಸಬೇಕಾಗಿಲ್ಲ. ಚಕ್ರವರ್ತಿ ಜಸ್ಟಿನಿಯನ್ ಕ್ರಿ.ಶ. 533ರಲ್ಲಿ ಹೊರತಂದ ಕಾನೂನು ವಿದ್ಯಾರ್ಥಿಗಳ ಪಠ್ಯದಲ್ಲಿ ಈ ಪದದ ಅರ್ಥಗಳನ್ನು ವಿಂಗಡಿಸಲಾಗಿದೆ. ಸಾಮಾನ್ಯ ಅರ್ಥದಲ್ಲಿ ಕಾನೂನಿಗೆ ವಿರುದ್ಧವಾಗಿ ನಡೆಯುವ ಎಲ್ಲವೂ ಇನ್ಯೂರಿಯಾ. ವಿಶೇಷ ಅರ್ಥದಲ್ಲಿ ಅವಮಾನ, ಬೇಜವಾಬ್ದಾರಿಯಿಂದ ಮಾಡಿದ ನಷ್ಟ, ಮತ್ತು ನ್ಯಾಯಾಧೀಶನೇ ಕೊಟ್ಟ ಅನ್ಯಾಯದ ತೀರ್ಪು. ಇವುಗಳಲ್ಲಿ ಅವಮಾನ ಎಂಬ ಅರ್ಥ ಫ್ರೆಂಚ್ ಭಾಷೆಯಲ್ಲಿ ಇಂದಿಗೂ ಉಳಿದಿದೆ. ಅಲ್ಲಿ ‘ಅಂಝೂರ್’ ಎಂದರೆ ಬೈಗುಳ. ಇಂಗ್ಲಿಷ್ ಬಲ್ಲ ನಮ್ಮ ಹುಡುಗ ಪ್ಯಾರಿಸ್ಸಿನ ಪತ್ರಿಕೆಯಲ್ಲಿ ಆ ಪದ ಕಂಡು ಯಾರಿಗೋ ಗಾಯವಾಗಿದೆ ಎಂದು ತಿಳಿದರೆ ತಪ್ಪಾದೀತು.

ಇಂಗ್ಲೆಂಡಿನ ನ್ಯಾಯಾಲಯಗಳು ಈ ಹಳೆಯ ಅರ್ಥವನ್ನು ಬಿಡದೆ ಹಿಡಿದುಕೊಂಡವು. ನಷ್ಟ ಬೇರೆ, ಇಂಜುರಿ ಬೇರೆ ಎಂಬ ತತ್ವವನ್ನು ಕಾನೂನು ಕಾಲೇಜಿನ ವಿದ್ಯಾರ್ಥಿಗಳು ಎರಡು ಪ್ರಕರಣಗಳ ಮೂಲಕ ಕಲಿಯುತ್ತಾರೆ. ಮೊದಲನೆಯದು ನಮ್ಮಂತಹ ವಿದ್ಯಾಸಂಸ್ಥೆಯವರು ಓದಲೇಬೇಕಾದದ್ದು. 1410ರಲ್ಲಿ ಗ್ಲೌಸ್ಟರ್ ಪಟ್ಟಣದ ಶಾಲಾ ಮಾಸ್ತರರು ಅದೇ ಊರಿನಲ್ಲಿ ಹೊಸ ಶಾಲೆ ತೆರೆದ ಇನ್ನೊಬ್ಬ ಮಾಸ್ತರನ ವಿರುದ್ಧ ದಾವೆ ಹೂಡಿದರು. ಮೊದಲು ಮಕ್ಕಳಿಂದ ಮೂರು ತಿಂಗಳಿಗೆ 40 ಪೆನ್ನಿ ಶುಲ್ಕ ಪಡೆಯುತ್ತಿದ್ದವರು ಪೈಪೋಟಿಯಿಂದಾಗಿ 12 ಪೆನ್ನಿಗೆ ಇಳಿಯಬೇಕಾಗಿ ಬಂದಿತ್ತು. ನಷ್ಟವಾದದ್ದು ನಿಜ, ಆದರೆ ನಿಮ್ಮ ಯಾವ ಹಕ್ಕೂ ಉಲ್ಲಂಘನೆಯಾಗಿಲ್ಲ ಎಂದು ನ್ಯಾಯಾಧೀಶರು ದಾವೆ ತಳ್ಳಿಹಾಕಿದರು. ನನ್ನ ಗಿರಣಿಯ ಪಕ್ಕದಲ್ಲಿ ನೆರೆಯವನು ಇನ್ನೊಂದು ಗಿರಣಿ ಹಾಕಿದರೆ ನನ್ನ ಸಂಪಾದನೆ ಕಡಿಮೆಯಾಗುತ್ತದೆ, ಆದರೆ ಅವನ ಮೇಲೆ ದಾವೆ ಹೂಡಲಾಗದು ಎಂಬ ಹೋಲಿಕೆಯೂ ಆ ವಿಚಾರಣೆಯಲ್ಲಿ ಬಂತು. ನಷ್ಟವಿದೆ, ಇಂಜುರಿ ಇಲ್ಲ.

ಎರಡನೆಯದು ಇದಕ್ಕೆ ತೀರಾ ವಿರುದ್ಧ. ಐಲ್ಸ್‌ಬರಿ ಎಂಬ ಊರಿನ ಮ್ಯಾಥ್ಯೂ ಆ್ಯಶ್ಬಿ ಎಂಬ ಬಡ ಚಮ್ಮಾರನಿಗೆ ಪಾರ್ಲಿಮೆಂಟ್ ಚುನಾವಣೆಯಲ್ಲಿ ಮತ ಹಾಕಲು ವೈಟ್ ಎಂಬ ಅಧಿಕಾರಿ ಬಿಡಲಿಲ್ಲ. ಆ್ಯಶ್ಬಿ ಮತ ಹಾಕಬೇಕೆಂದಿದ್ದ ಅಭ್ಯರ್ಥಿ ಹೇಗೂ ಗೆದ್ದ. ಹಾಗಾದರೆ ಆ್ಯಶ್ಬಿಗೆ ಆದ ನಷ್ಟವೇನು? ಏನೂ ಇಲ್ಲ. ಕೆಳಗಿನ ನ್ಯಾಯಾಲಯದ ಬಹುಮತ ಅವನ ವಿರುದ್ಧ ಹೋಯಿತು. ಮುಖ್ಯ ನ್ಯಾಯಾಧೀಶ ಹೋಲ್ಟ್ ಒಬ್ಬರೇ ಭಿನ್ನಮತ ಬರೆದರು. ಹಕ್ಕಿದ್ದ ಮೇಲೆ ಅದನ್ನು ಕಾಪಾಡುವ ಪರಿಹಾರವೂ ಇರಲೇಬೇಕು, ಕಾಸಿನ ನಷ್ಟವಾಗದಿದ್ದರೂ ಹಕ್ಕಿಗೆ ಅಡ್ಡಿಪಡಿಸಿದ್ದೇ ಇಂಜುರಿ ಎಂಬುದು ಅವರ ವಾದ. 1703ರಲ್ಲಿ ಹೌಸ್ ಆಫ್ ಲಾರ್ಡ್ಸ್ ಹೋಲ್ಟರ ಅಭಿಪ್ರಾಯವನ್ನೇ ಎತ್ತಿಹಿಡಿಯಿತು. ಇದೇ ಜಾಡಿನಲ್ಲಿ ನಮ್ಮ ಸುಪ್ರೀಂ ಕೋರ್ಟು 1985ರಲ್ಲಿ ಜಮ್ಮು ಮತ್ತು ಕಾಶ್ಮೀರದ ಶಾಸಕ ಭೀಮ್ ಸಿಂಗ್ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ವಿಧಾನಸಭೆಯ ಅಧಿವೇಶನಕ್ಕೆ ಹೋಗದಂತೆ ಅವರನ್ನು ದಾರಿಯಲ್ಲೇ ಬಂಧಿಸಲಾಗಿತ್ತು. ನ್ಯಾಯಾಲಯ 50,000 ರೂಪಾಯಿ ಪರಿಹಾರ ಕೊಡಿಸಿತು. ಮತದಾರರ ಪಟ್ಟಿಯಿಂದ ಹೆಸರು ಬಿಟ್ಟುಹೋದಾಗ ‘ಒಂದು ಓಟಿನಿಂದ ಏನಾಗುತ್ತದೆ’ ಎಂದು ಸುಮ್ಮನಾಗುವವರು ಐಲ್ಸ್‌ಬರಿಯ ಚಮ್ಮಾರನನ್ನು ನೆನಪಿಸಿಕೊಳ್ಳಲಿ.

ಇನ್ನು ಅರಬಿಯ ಕಡೆಗೆ ಬರೋಣ. ಅಲ್ಲಿ ಗಾಯಕ್ಕೂ ಅನ್ಯಾಯಕ್ಕೂ ಬೇರೆ ಬೇರೆ ಪದಗಳಿವೆ. ಅನ್ಯಾಯಕ್ಕೆ ‘ಝುಲ್ಮ್’. ಒಂದು ವಸ್ತುವನ್ನು ಅದರದಲ್ಲದ ಜಾಗದಲ್ಲಿ ಇಡುವುದು ಎಂದು ನಿಘಂಟುಕಾರರು ಅದನ್ನು ವಿವರಿಸುತ್ತಾರೆ. ನಾವು ಕನ್ನಡದಲ್ಲಿ ‘ಜುಲುಮೆ’ ಎನ್ನುವುದು ಇದನ್ನೇ. ಗಾಯಕ್ಕೆ ‘ಜುರ್‌ಹ್’. ಪವಿತ್ರ ಕುರ್‌ಆನ್‌ನ 5:45ರಲ್ಲಿ ಗಾಯಗಳಿಗೆ ಸರಿಸಮ ಪ್ರತೀಕಾರದ ನಿಯಮ ತೌರಾತ್‌ನಲ್ಲಿ ವಿಧಿಸಲಾಗಿತ್ತೆಂದು ಹೇಳುವಾಗ ಇದೇ ಪದದ ಬಹುವಚನ ಬರುತ್ತದೆ. ಕ್ಷಮಿಸಿಬಿಟ್ಟವನಿಗೆ ಆ ಕ್ಷಮೆಯೇ ಪ್ರಾಯಶ್ಚಿತ್ತವಾಗುತ್ತದೆ ಎಂಬ ಮಾತೂ ಅದೇ ಸೂಕ್ತದಲ್ಲಿದೆ. ಫಿಕ್‌ಹ್ ಪಂಡಿತರು ತಲೆಗೆ ಬೀಳುವ ಪೆಟ್ಟುಗಳನ್ನೇ ಆಳಕ್ಕೆ ತಕ್ಕಂತೆ ಹೆಸರಿಟ್ಟು ವಿಂಗಡಿಸಿದರು. ಮೂಳೆ ಕಾಣಿಸುವಂತಹ ಗಾಯ ‘ಮೂದಿಹಾ’, ಅದಕ್ಕೆ 5 ಒಂಟೆ. ಮೂಳೆ ಜರುಗಿದ ಗಾಯ ‘ಮುನಕ್ಕಿಲಾ’, ಅದಕ್ಕೆ 15. ಮೆದುಳಿನ ಪೊರೆ ಮುಟ್ಟಿದ ‘ಮಅಮೂಮಾ’ಕ್ಕೆ ಪೂರ್ಣ ರಕ್ತಪರಿಹಾರವಾದ 100 ಒಂಟೆಗಳ ಮೂರನೇ ಒಂದು ಭಾಗ. ಇಂದಿನ ವೂಂಡ್ ಸರ್ಟಿಫಿಕೇಟ್ ಬರೆಯುವ ವೈದ್ಯರೂ ಗಾಯದ ಉದ್ದ, ಅಗಲ, ಆಳವನ್ನು ಅಳೆದೇ ಬರೆಯುತ್ತಾರೆ.

ಗಾಯದ ಈ ಪದದಿಂದಲೇ ಗಾಯ ವಾಸಿಮಾಡುವವನ ಹೆಸರೂ ಹುಟ್ಟಿತು. ಶಸ್ತ್ರವೈದ್ಯನಿಗೆ ಅರಬಿಯಲ್ಲಿ ‘ಜರ್ರಾಹ್’. ಸ್ಪೇನಿನ ಕೊರ್ಡೋವಾ ಬಳಿ ಬಾಳಿದ ಅಬುಲ್ ಕಾಸಿಮ್ ಅಝ್ಝಹ್ರಾವಿಯ 30 ಭಾಗಗಳ ‘ಅತ್ತಸ್ರೀಫ್’ ಗ್ರಂಥದ ಕೊನೆಯ ಭಾಗ ಶಸ್ತ್ರಚಿಕಿತ್ಸೆಗೇ ಮೀಸಲು. ಸುಮಾರು 200 ಉಪಕರಣಗಳ ಚಿತ್ರಗಳು ಅದರಲ್ಲಿವೆ. 12ನೇ ಶತಮಾನದಲ್ಲಿ ಕ್ರೆಮೋನಾದ ಜೆರಾರ್ಡ್ ಅದನ್ನು ಲ್ಯಾಟಿನ್‌ಗೆ ತಂದ ಮೇಲೆ ಯುರೋಪಿನ ಶಸ್ತ್ರವೈದ್ಯರು ಶತಮಾನಗಳ ಕಾಲ ಅದನ್ನೇ ಓದಿದರು.

ಆದರೆ ಈ ಬೇರಿನ ಅತ್ಯಂತ ಕುತೂಹಲಕರ ಕವಲು ಇರುವುದು ಹದೀಸ್ ವಿಜ್ಞಾನದಲ್ಲಿ. ಹದೀಸ್ ವರದಿಗಾರರ ವಿಶ್ವಾಸಾರ್ಹತೆಯನ್ನು ಪರೀಕ್ಷಿಸುವ ಶಾಖೆಗೆ ‘ಅಲ್ ಜರ್‌ಹ್ ವತ್ತಅದೀಲ್’ ಎಂದು ಹೆಸರು. ಜರ್‌ಹ್ ಎಂದರೆ ಗಾಯಗೊಳಿಸುವುದು, ತಅದೀಲ್ ಎಂದರೆ ನ್ಯಾಯಪರನೆಂದು ಎತ್ತಿಹಿಡಿಯುವುದು. ಇಂಥವನು ಮರೆಗುಳಿ, ಇಂಥವನು ಸುಳ್ಳುಗಾರ, ಇಂಥವನ ವರದಿ ಸ್ವೀಕಾರಾರ್ಹವಲ್ಲ ಎಂದು ವಿದ್ವಾಂಸರು ಹೇಳಿದಾಗ ಅದು ಆ ವ್ಯಕ್ತಿಯ ಮಾನಕ್ಕೆ ಮಾಡಿದ ಗಾಯ ಎಂದು ಅವರೇ ಒಪ್ಪಿಕೊಂಡು ಆ ಹೆಸರಿಟ್ಟರು. ಇದು ಪರನಿಂದೆಯಲ್ಲವೇ ಎಂಬ ಪ್ರಶ್ನೆಯೂ ಎದ್ದಿತು. ಧರ್ಮದ ಸಂರಕ್ಷಣೆಗೆ ಅಗತ್ಯವಾದಷ್ಟು ಮಾತ್ರ ಹೇಳಬಹುದೆಂದು ಉತ್ತರಿಸಿಕೊಂಡರು. ಮೇಲಾಗಿ, ಕಾರಣ ವಿವರಿಸದ ಜರ್‌ಹ್ ಅನ್ನು ಸ್ವೀಕರಿಸಬಾರದು ಎಂಬ ನಿಯಮಕ್ಕೆ ಅನೇಕ ವಿದ್ವಾಂಸರು ಒತ್ತುಕೊಟ್ಟರು. ಶಸ್ತ್ರವೈದ್ಯನ ಕತ್ತಿಯಂತೆ ಇದೂ, ಅಳತೆ ಮೀರಿದರೆ ಅಪರಾಧ. ಹಿಜರಿ 327ರಲ್ಲಿ ನಿಧನರಾದ ಇಬ್ನು ಅಬೀ ಹಾತಿಮ್ ಅರ್ರಾಝಿಯವರ ಈ ವಿಷಯದ ಬೃಹತ್ ಗ್ರಂಥಕ್ಕೂ ಇದೇ ಶೀರ್ಷಿಕೆ. ಯಾರದ್ದೋ ಹೆಸರು ಕೆಡಿಸುವ ಸಂದೇಶವನ್ನು ಓದದೆಯೇ ಮೊಬೈಲಿನಲ್ಲಿ ಮುಂದಕ್ಕೆ ಕಳುಹಿಸುವ ನಮ್ಮ ಕಾಲದಲ್ಲಿ, ಸಾವಿರ ವರ್ಷಗಳ ಹಿಂದಿನ ಈ ಪಂಡಿತರ ಸಂಕೋಚ ಆಶ್ಚರ್ಯ ಹುಟ್ಟಿಸುತ್ತದೆ. ಇದೇ ಪದ ಉರ್ದುವಿಗೆ ಬಂದು ನ್ಯಾಯಾಲಯದಲ್ಲಿ ‘ಜಿರಹ್’ ಆಯಿತು. ಎದುರು ಪಕ್ಷದ ಸಾಕ್ಷಿಯನ್ನು ವಕೀಲ ಪ್ರಶ್ನಿಸುವುದಕ್ಕೆ ಉರ್ದು, ಹಿಂದಿಗಳಲ್ಲಿ ಇಂದಿಗೂ ಇದೇ ಹೆಸರು. ಕನ್ನಡದಲ್ಲಿ ನಾವು ‘ಪಾಟೀಸವಾಲು’ ಎನ್ನುತ್ತೇವೆ, ಅದರಲ್ಲಿನ ‘ಸವಾಲು’ ಕೂಡಾ ಅರಬಿಯದ್ದೇ. ಅಪಘಾತದ ಸುದ್ದಿಯಲ್ಲಿ ‘ವಾಹನ ಜಖಂ’ ಎಂದು ಪತ್ರಿಕೆಗಳು ಬರೆಯುವ ‘ಜಖಂ’ ಮಾತ್ರ ಪರ್ಶಿಯನ್, ಗಾಯ ಎಂಬರ್ಥದ ‘ಝಖ್ಮ್’. ಮನುಷ್ಯರಿಗೆ ಗಾಯ, ಬಸ್ಸಿಗೆ ಜಖಂ ಎಂದು ಕನ್ನಡ ಕೆಲಸ ಹಂಚಿಕೊಟ್ಟಿದೆ!

ಈ ಎರಡು ಕಾನೂನು ಪರಂಪರೆಗಳು ಮುಖಾಮುಖಿಯಾದದ್ದು ಭಾರತದಲ್ಲಿ. ಈಸ್ಟ್ ಇಂಡಿಯಾ ಕಂಪೆನಿಯ ಕೈಕೆಳಗಿನ ಬಂಗಾಳದ ಕ್ರಿಮಿನಲ್ ನ್ಯಾಯಾಲಯಗಳಲ್ಲಿ ಬಹುಕಾಲ ಇಸ್ಲಾಮೀ ದಂಡಶಾಸ್ತ್ರವೇ ಬಳಕೆಯಲ್ಲಿತ್ತು. ಖಾಝಿಗಳೂ ಮುಫ್ತಿಗಳೂ ಫತ್ವಾ ಕೊಡುತ್ತಿದ್ದರು, ಬ್ರಿಟಿಷ್ ನ್ಯಾಯಾಧೀಶರು ತೀರ್ಪು ಬರೆಯುತ್ತಿದ್ದರು. ಕಾರ್ನ್‌ವಾಲಿಸ್ ಕಾಲದಿಂದ ಅದನ್ನು ತುಂಡು ತುಂಡಾಗಿ ತಿದ್ದುತ್ತಾ ಬರಲಾಯಿತು. ಕೊಲೆಯಾದವನ ವಾರಸುದಾರರು ಕೊಲೆಗಾರನನ್ನು ಕ್ಷಮಿಸುವ ಹಕ್ಕನ್ನು ತೆಗೆದುಹಾಕಿದ್ದು ಅಂತಹ ಒಂದು ತಿದ್ದುಪಡಿ. ಮೆಕಾಲೆ ನೇತೃತ್ವದ ಆಯೋಗ 1837ರಲ್ಲಿ ಕರಡು ಸಿದ್ಧಪಡಿಸಿದ ಭಾರತೀಯ ದಂಡಸಂಹಿತೆ 1860ರಲ್ಲಿ ಅಂಗೀಕಾರವಾಗಿ 1862ರ ಜನವರಿ 1ರಿಂದ ಜಾರಿಗೆ ಬಂತು. ಎರಡು ವರ್ಷಗಳ ನಂತರ, 1864ರ ಕಾಯ್ದೆಯೊಂದು ನ್ಯಾಯಾಲಯಗಳ ಖಾಝಿ, ಮುಫ್ತಿ ಹುದ್ದೆಗಳನ್ನೂ ರದ್ದುಪಡಿಸಿತು. ದಂಡಸಂಹಿತೆಯನ್ನು ಉರ್ದುವಿಗೆ ತರುವ ಕೆಲಸದಲ್ಲಿ ಕೈಜೋಡಿಸಿದವರಲ್ಲಿ, ಮುಂದೆ ‘ಮಿರಾತುಲ್ ಉರೂಸ್’ ಕಾದಂಬರಿಯಿಂದ ಪ್ರಸಿದ್ಧರಾದ ಡೆಪ್ಯುಟಿ ನಝೀರ್ ಅಹ್ಮದ್ ಕೂಡಾ ಒಬ್ಬರು.

ಆ ಸಂಹಿತೆಯ 44ನೇ ಕಲಂ ‘ಇಂಜುರಿ’ಯ ವ್ಯಾಖ್ಯೆ. ದೇಹಕ್ಕೆ, ಮನಸ್ಸಿಗೆ, ಕೀರ್ತಿಗೆ ಅಥವಾ ಸೊತ್ತಿಗೆ ಕಾನೂನುಬಾಹಿರವಾಗಿ ಉಂಟುಮಾಡಿದ ಯಾವುದೇ ಹಾನಿ ಇಂಜುರಿ ಎಂಬುದು ಅದರ ಸಾರ. ರೋಮಿನ ಇನ್ಯೂರಿಯಾ ಇಲ್ಲಿ ಪೂರ್ತಿಯಾಗಿ ಉಳಿದಿದೆ. ದೇಹದ ನೋವಿಗೆ ‘ಹರ್ಟ್’ ಎಂಬ ಬೇರೆಯೇ ಪದವನ್ನು 319ನೇ ಕಲಂನಲ್ಲಿ ಇಟ್ಟರು. ಒಬ್ಬ ಶಸ್ತ್ರವೈದ್ಯ ಹೊಟ್ಟೆ ಸೀಳಿದರೆ ಅಲ್ಲಿ ಗಾಯವಿದೆ, ಆದರೆ ಕಾನೂನಿನ ಭಾಷೆಯಲ್ಲಿ ಇಂಜುರಿ ಇಲ್ಲ. ಒಬ್ಬನ ಹೆಸರಿಗೆ ಮಸಿ ಬಳಿದರೆ ಗಾಯವಿಲ್ಲ, ಇಂಜುರಿ ಇದೆ. ಈ ವಿಸ್ತಾರವಾದ ಅರ್ಥ ವ್ಯಾಪಾರದ ಕಾನೂನಿನಲ್ಲೂ ಕಾಣಸಿಗುತ್ತದೆ. ವಿದೇಶಿ ಸರಕು ತೀರಾ ಕಡಿಮೆ ಬೆಲೆಗೆ ಬಂದು ಬಿದ್ದಾಗ ದೇಶೀಯ ಉದ್ದಿಮೆಗೆ ಆಗುವ ಪೆಟ್ಟನ್ನು ಅಂತಾರಾಷ್ಟ್ರೀಯ ಒಪ್ಪಂದಗಳು ‘ಇಂಜುರಿ’ ಎಂದೇ ಕರೆಯುತ್ತವೆ. ಯುದ್ಧದಿಂದ ಮರಳಿದ ಸೈನಿಕರ ಮನಸ್ಸಾಕ್ಷಿಯ ನೋವಿಗೆ ಅಮೆರಿಕದ ಮನೋವೈದ್ಯ ಜೊನಾಥನ್ ಶೇ 1994ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ‘ಮಾರಲ್ ಇಂಜುರಿ’ ಎಂಬ ಹೆಸರನ್ನು ಬಳಸಿದರು.

2024ರ ಜುಲೈ 1ರಂದು ದಂಡಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ‘ಇಂಜುರಿ’ಯ ವ್ಯಾಖ್ಯೆ ಅದರ 2ನೇ ಕಲಂನಲ್ಲಿ ಹಾಗೆಯೇ ಮುಂದುವರಿದಿದೆ. ಬದಲಾದದ್ದು ‘ಗ್ರೀವಿಯಸ್ ಹರ್ಟ್’ನ ಒಂದು ಅಳತೆ. ಹಿಂದೆ 20 ದಿನ ತೀವ್ರ ನೋವು ಅನುಭವಿಸಿದರೆ ಅಥವಾ ದಿನನಿತ್ಯದ ಕೆಲಸ ಮಾಡಲಾಗದಿದ್ದರೆ ಗಂಭೀರ ಎನ್ನಲಾಗುತ್ತಿತ್ತು, ಈಗ 15 ದಿನ ಸಾಕು. ಕೇಸು ಹೂಡುವುದು ಸರಕಾರವೇ ಆದರೂ, ಸಾಮಾನ್ಯ ಹಲ್ಲೆಯ ಪ್ರಕರಣವನ್ನು ಪೆಟ್ಟು ತಿಂದವನೇ ಮುಂದೆ ಬಂದು ಮುಗಿಸಿಬಿಡಲು ಇಂದಿಗೂ ಅವಕಾಶವಿದೆ. ಗಂಭೀರ ಹಲ್ಲೆಯಾದರೆ ನ್ಯಾಯಾಲಯದ ಅನುಮತಿ ಬೇಕು. ಹಾಗೆ ಮುಗಿಸುವುದಕ್ಕೆ ನಮ್ಮ ಕೋರ್ಟುಗಳಲ್ಲಿ ‘ರಾಜಿ’ ಎನ್ನುತ್ತಾರೆ. ಒಪ್ಪಿದವನು, ಸಂತೃಪ್ತನಾದವನು ಎಂಬರ್ಥದ ಅರಬಿಯ ‘ರಾಝೀ’ ಅದು.